ಮಣೆಯ ಮೇಲೆ ನಿಂತ ಮಕ್ಕಳು

ಶಿಕಾರಿಪುರ, ಸೊರಬದ ಸೀಮೆಯಲ್ಲಿ ಏನಿಲ್ಲ? ಬಳ್ಳಿಗಾವೆಯ ಶಿಲ್ಪವಿದೆ, ತಾಳಗುಂದದ ಶಾಸನವಿದೆ, ಅಕ್ಕಮಹಾದೇವಿಯ ಉಡುತಡಿಯಿದೆ, ದಂಡಾವತಿಯ ಹರಿವಿದೆ, ಚಂದ್ರಗುತ್ತಿಯ ಬೆಟ್ಟವಿದೆ. ಇಲ್ಲದಿದ್ದುದು ರೈಲೊಂದೇ. ಬೀರೂರಿನಿಂದ 1899ರಲ್ಲಿಯೇ ಶಿವಮೊಗ್ಗೆಗೆ ಬಂದ ರೈಲು ಮುಂದೆ ಕುಂಸಿ, ಅರಸಾಳು, ಆನಂದಪುರ, ಸಾಗರಗಳನ್ನು ಹಾದು ತಾಳಗುಪ್ಪದವರೆಗೆ ಹೋಯಿತೇ ಹೊರತು ಈ ಎರಡು ಊರುಗಳ ಕಡೆಗೆ ತಿರುಗಿ ನೋಡಲಿಲ್ಲ. ಶಿವಮೊಗ್ಗ, ಶಿಕಾರಿಪುರ, ರಾಣೆಬೆನ್ನೂರು ಮಾರ್ಗಕ್ಕೆ ಶಂಕುಸ್ಥಾಪನೆಯಾದದ್ದು 2023ರಲ್ಲಿ. ನಾನು ಹೇಳಹೊರಟಿರುವುದು ಅದಕ್ಕೆ ಬಹಳ ಹಿಂದಿನ ಮಾತು, 2009ರ ಕ್ರಿಸ್ತಜಯಂತಿಯದು. ಆಗ ತಾಳಗುಪ್ಪದ ಮೀಟರ್ ಗೇಜ್ ಮಾರ್ಗದಲ್ಲಿಯೂ ಗೇಜ್ ಪರಿವರ್ತನೆಯ ಕೆಲಸ ನಡೆದಿತ್ತು. ನಮ್ಮ ಧರ್ಮೋಪದೇಶದ ತರಗತಿಗೆ ಬರುತ್ತಿದ್ದ ಮಕ್ಕಳಲ್ಲಿ ಹೆಚ್ಚಿನವರು ರೈಲನ್ನು ಕಂಡದ್ದು ಸಿನಿಮಾದಲ್ಲಿ ಮಾತ್ರ.

ಆ ವರ್ಷ ಜರ್ಮನಿಯಲ್ಲಿ ಓದು ಮುಗಿಸಿ ಮರಳಿದ ಗುರುಮಿತ್ರರೊಬ್ಬರು ನನಗೊಂದು ರಟ್ಟಿನ ಪೆಟ್ಟಿಗೆ ಕೊಟ್ಟರು. ಅದರೊಳಗೆ ಅಲ್ಲಿಯ ಮನೆಯೊಂದರವರು ಆಡಿ ಬಿಟ್ಟಿದ್ದ ಮಾದರಿ ರೈಲು: ಒಂದು ಎಂಜಿನ್ನು, ಮೂರು ಬೋಗಿ, ಅಂಡಾಕಾರವಾಗಿ ಜೋಡಿಸಬಹುದಾದ ಹಳಿಗಳು. ನಿಜವಾದ ರೈಲಿನ 87ರಲ್ಲಿ ಒಂದು ಪಾಲಿನ ಅಳತೆ. ಹಳಿಗಳ ನಡುವಿನ ಅಂತರ 16.5 ಮಿಲಿಮೀಟರ್. ನಮ್ಮ ಮಲೆನಾಡಿನ ಹಳೆಯ ಮೀಟರ್ ಗೇಜನ್ನು ಆ ಹಳಿಗೆ ಇಳಿಸಿದರೆ ಸುಮಾರು 60ರಲ್ಲಿ ಒಂದು ಪಾಲಾಗುತ್ತದೆ ಎಂದು ನಾನು ಕೂತು ಲೆಕ್ಕ ಹಾಕಿದ್ದೂ ಉಂಟು. ಇಂಥ ಲೆಕ್ಕಗಳಿಂದ ಯಾರಿಗೂ ಪ್ರಯೋಜನವಿಲ್ಲ, ಆದರೆ ಸುಖವಿದೆ. ಪೆಟ್ಟಿಗೆಯಲ್ಲಿ ಇಲ್ಲದಿದ್ದುದು ವಿದ್ಯುತ್ ಒದಗಿಸುವ ಸಾಧನ. ಅದು ಭಾರವೆಂದು ಮಿತ್ರರು ಅಲ್ಲಿಯೇ ಬಿಟ್ಟು ಬಂದಿದ್ದರು.

ನಾನೇ ಮಾಡುತ್ತೇನೆ ಎಂದೆ. ಜೆಪ್ಪುವಿನ ಗುರುಮಠದಲ್ಲಿ ಧ್ವನಿವರ್ಧಕ ಕೆಟ್ಟಾಗಲೆಲ್ಲ ನನ್ನನ್ನು ಕರೆಯುತ್ತಿದ್ದರು. ದೈವಶಾಸ್ತ್ರದಲ್ಲಿ ಸಾಧಾರಣ ಅಂಕಗಳನ್ನು ಪಡೆದವನಿಗೆ ಬೆಸುಗೆಕಡ್ಡಿ ಹಿಡಿದಾಗ ಸಿಗುತ್ತಿದ್ದ ಮರ್ಯಾದೆ ದೊಡ್ಡದಾಗಿ ತೋರುತ್ತಿತ್ತು. ಆ ಗರ್ವದ ಬೀಜ ಅಲ್ಲಿ ಬಿದ್ದದ್ದು.

ಇಂಥ ರೈಲಿಗೆ ಬೇಕಾದದ್ದು 12 ವೋಲ್ಟಿನ ಏಕಮುಖ ವಿದ್ಯುತ್ತು. ವೋಲ್ಟೇಜು ಏರಿಸಿದರೆ ಎಂಜಿನ್ನು ಓಡುತ್ತದೆ, ಇಳಿಸಿದರೆ ನಿಧಾನವಾಗುತ್ತದೆ; ಎರಡು ಹಳಿಗಳ ಧನ, ಋಣಗಳನ್ನು ಅದಲು ಬದಲು ಮಾಡಿದರೆ ಹಿಂದಕ್ಕೆ ಚಲಿಸುತ್ತದೆ. ಬೆಂಗಳೂರಿಗೆ ಹೋಗಿದ್ದಾಗ ಎಸ್.ಪಿ. ರಸ್ತೆಯಲ್ಲಿ ಸಾಮಾನು ಕೊಂಡೆ. 230 ವೋಲ್ಟನ್ನು 12ಕ್ಕೆ ಇಳಿಸುವ ಟ್ರಾನ್ಸ್‌ಫಾರ್ಮರ್, ಅತ್ತಿತ್ತ ತೂಗುವ ವಿದ್ಯುತ್ತನ್ನು ಒಂದೇ ದಿಕ್ಕಿಗೆ ಹರಿಸಲು ನಾಲ್ಕು ಡಯೋಡುಗಳು, ಅದರ ಏರಿಳಿತವನ್ನು ಸಮಮಾಡಲು ಕೆಪಾಸಿಟರ್, ವೋಲ್ಟೇಜನ್ನು ಬೇಕಾದಷ್ಟಕ್ಕೆ ನಿಲ್ಲಿಸಲು ಎಲ್‌ಎಂ 317 ಎಂಬ ಮೂರು ಕಾಲಿನ ಪುಟ್ಟ ಐಸಿ. ಈ ಐಸಿಗೆ ಒಂದು ಹಟವಿದೆ: ಗುಂಡಿಯನ್ನು ಎಷ್ಟು ತಿರುಗಿಸಿದರೂ ಅದು 1.25 ವೋಲ್ಟಿಗಿಂತ ಕೆಳಗೆ ಇಳಿಯದು. ಆದ್ದರಿಂದ ಮುಂದೆ, ಹಿಂದೆ ಕಳಿಸುವ ಸ್ವಿಚ್ಚಿನ ನಡುವೆ ಪೂರ್ತಿ ನಿಲ್ಲಿಸುವ ಒಂದು ಸ್ಥಾನವಿರುವಂಥದನ್ನೇ ಹುಡುಕಿ ತಂದೆ.

ಇವೆಲ್ಲವನ್ನು ಕೂಡಿಸಿದ್ದು ಬಿಸ್ಕತ್ತಿನ ತಗಡಿನ ಡಬ್ಬಿಯೊಂದರಲ್ಲಿ. ಎರಡು ಸಲ ನೀಲಿ ಬಣ್ಣ ಬಳಿದು ಮೇಲೊಂದು ಹಿಡಿಕೆ ಹಾಕಿದೆ. ಹಿಡಿಕೆಯೇ ಮುಖ್ಯ. ನನಗೆ ಬೇಕಾಗಿದ್ದುದು ಒಂದೆಡೆ ಕೂತಿರುವ ಸಾಧನವಲ್ಲ. ಶಿಕಾರಿಪುರದಿಂದ ಶಿರಾಳಕೊಪ್ಪದ ಮೇಲೆ ಸೊರಬದ ಕಡೆಯ ಪುಟ್ಟ ಪ್ರಾರ್ಥನಾಲಯಕ್ಕೆ ಬೈಕಿನಲ್ಲಿ ಕಟ್ಟಿಕೊಂಡು ಹೋಗಿಬರಬಹುದಾದದ್ದು. ಐಸಿ ಬಿಸಿಯಾಗುತ್ತದೆ, ಅದರ ಬೆನ್ನನ್ನು ತಗಡಿಗೆ ಒತ್ತಿ ಕೂರಿಸಿದರೆ ಶಾಖ ಹೋಗುತ್ತದೆ. ಆದರೆ ಆ ಬೆನ್ನಿನಲ್ಲಿಯೂ ವಿದ್ಯುತ್ತಿರುತ್ತದೆಂದು ನಡುವೆ ಅಭ್ರಕದ ತೆಳು ಹಾಳೆ ಇಟ್ಟೆ. ಹಳಿಗೆ ಹೋಗುವ ತಂತಿಗೆ ಫ್ಯೂಸ್ ಹಾಕಿದೆ. ಮಕ್ಕಳು ಎರಡು ಹಳಿಗಳನ್ನೂ ಅಂಗೈಯಿಂದ ಮುಟ್ಟಿದರೂ ಏನೂ ಆಗದೆಂದು ನಾನೇ ಮುಟ್ಟಿ ತೋರಿಸಿದೆ. ಹನ್ನೆರಡು ವೋಲ್ಟಿನ ವಿಷಯದಲ್ಲಿ ನನ್ನಷ್ಟು ಜಾಗರೂಕನಾದ ಗುರು ಇಡೀ ಧರ್ಮಕ್ಷೇತ್ರದಲ್ಲಿ ಇದ್ದಿರಲಾರ.

ಶಿಕಾರಿಪುರದಲ್ಲಿ ಗೋದಲಿಯ ಸುತ್ತ ರೈಲು ಓಡಿತು. ಹಿರಿಯರೊಬ್ಬರು, "ಬೆತ್ಲೆಹೇಮಿನಲ್ಲಿ ರೈಲಿತ್ತೇ ಫಾದರ್?" ಎಂದು ಕೇಳಿದರು. "ಇರಲಿಲ್ಲ. ನಾವು ಪ್ರತಿ ವರ್ಷ ಗುಡ್ಡದ ಮೇಲೆ ಹಿಮವೆಂದು ಹತ್ತಿ ಉದುರಿಸುತ್ತೇವಲ್ಲ, ಹಾಗೆಯೇ ಇದು" ಎಂದೆ. ಅವರು ನಕ್ಕರು, ಒಪ್ಪಲಿಲ್ಲ.

ಹಬ್ಬ ಕಳೆದ ಮೇಲೆ ರೈಲು ಸೊರಬದ ಕಡೆಗೆ ಹೊರಟಿತು. ಅಲ್ಲಿಯ ಪ್ರಾರ್ಥನಾಲಯ ಹೆಂಚಿನ ಮಾಡಿನ ಒಂದೇ ಕೋಣೆ, ನೆಲಕ್ಕೆ ಸಿಮೆಂಟು. ಗೋಡೆಯ ಸಾಕೆಟ್ಟಿಗೆ ಎರಡೇ ರಂಧ್ರಗಳಿದ್ದವು. ಮೂರು ಪಿನ್ನಿನ ಪ್ಲಗ್ಗು ಅಲ್ಲಿ ಸೇರದೆಂದು ಮೊದಲೇ ತಿಳಿದಿದ್ದರಿಂದ ನಾನು ಡಬ್ಬಿಗೆ ಎರಡು ಪಿನ್ನಿನ ಪ್ಲಗ್ಗನ್ನೇ ಹಾಕಿದ್ದೆ. ಅಂದರೆ ಡಬ್ಬಿಗೆ ಅರ್ಥಿಂಗ್ ಇರಲಿಲ್ಲ. ಈ ವಾಕ್ಯವನ್ನು ಇಂದು ಬರೆಯುವಾಗಲೂ ಕೈ ತಡೆಯುತ್ತದೆ.

ಭಾನುವಾರದ ಬಲಿಪೂಜೆ ಮುಗಿದ ಮೇಲೆ ಮಕ್ಕಳು ಸಾಲಾಗಿ ನಿಂತು ಒಬ್ಬೊಬ್ಬರೇ ಗುಂಡಿ ತಿರುಗಿಸಿ ರೈಲು ಓಡಿಸುವುದು ರೂಢಿಯಾಯಿತು. ಮಕ್ಕಳ ಪಾಳಿಯನ್ನು ನೋಡಿಕೊಳ್ಳುತ್ತಿದ್ದವನು ಸುಮಾರು ಹತ್ತು ವರ್ಷದ ಪೀಠಬಾಲಕ. ನಾನು ಒಂದು ಮೂಲೆಯಲ್ಲಿ ಕುಳಿತು ಹಿರಿಯರ ಕಷ್ಟಸುಖ ಕೇಳುತ್ತಿದ್ದೆ. ಮೂರನೆಯ ಭಾನುವಾರವೋ ನಾಲ್ಕನೆಯದೋ, ಒಂದು ವಿಚಿತ್ರ ಕಣ್ಣಿಗೆ ಬಿತ್ತು. ಗುಂಡಿ ಮುಟ್ಟುವ ಮುನ್ನ ಪ್ರತಿ ಮಗುವೂ ಒಂದು ಮರದ ಮಣೆಯ ಮೇಲೆ ಹತ್ತಿ ನಿಲ್ಲುತ್ತಿತ್ತು. ಒಂದು ಇಳಿಯಿತು, ಇನ್ನೊಂದು ಹತ್ತಿತು. ಯಾರೂ ತಪ್ಪಿಸಲಿಲ್ಲ. ಚಿಕ್ಕ ಹುಡುಗಿಯೊಬ್ಬಳು ಅವಸರದಲ್ಲಿ ನೆಲದ ಮೇಲೆಯೇ ನಿಂತು ಕೈ ಚಾಚಿದಾಗ ಹುಡುಗ ಅವಳ ಕೈಯನ್ನು ಹಿಂದಕ್ಕೆಳೆದು ಮಣೆಯನ್ನು ತೋರಿಸಿದ.

"ಮಣೆ ಯಾಕೆ ಮಗಾ? ಎಟುಕುವುದಿಲ್ಲವೇ?" ಎಂದು ಕೇಳಿದೆ.

ಅವನು ತಲೆ ತಗ್ಗಿಸಿದ. ಬಹಳ ಹೊತ್ತಿನ ಮೇಲೆ, "ಮಣೆ ಇಲ್ದಿದ್ರೆ ಜುಮ್ ಅಂತದೆ ಫಾದರ್" ಎಂದ.

ನಾನು ಓಡಿಹೋಗಿ ಪ್ಲಗ್ಗು ಕಿತ್ತೆ. ಅನಂತರ ಮಕ್ಕಳನ್ನು ಹೊರಗೆ ಕಳಿಸಿ, ಮತ್ತೆ ಪ್ಲಗ್ಗು ಚುಚ್ಚಿ ಡಬ್ಬಿಯ ಸ್ಕ್ರೂ ತಲೆಗೆ ಟೆಸ್ಟರ್ ಇಟ್ಟು ನೋಡಿದೆ. ದೀಪ ಹತ್ತಿತು. ಪ್ಲಗ್ಗನ್ನು ಕಿತ್ತು ತಿರುವಿ ಚುಚ್ಚಿದೆ, ಹತ್ತಲಿಲ್ಲ. ಡಬ್ಬಿ ಬಿಚ್ಚಿದ ಮೇಲೆ ಎಲ್ಲವೂ ತಿಳಿಯಿತು. ಮುಖ್ಯ ತಂತಿ ಒಳಗೆ ಹೋಗುವ ರಂಧ್ರಕ್ಕೆ ರಬ್ಬರಿನ ಬುಷ್ ಹಾಕಲು ಮರೆತಿದ್ದೆ. ಶಿರಾಳಕೊಪ್ಪದ ಹಾದಿಯ ಕುಲುಕಾಟದಲ್ಲಿ ತಗಡಿನ ಅಂಚು ಸ್ವಲ್ಪಸ್ವಲ್ಪವಾಗಿ ತಂತಿಯ ಮೇಲಿನ ಪ್ಲಾಸ್ಟಿಕ್ಕನ್ನು ಕೊಯ್ದು ತಾಮ್ರವನ್ನು ಮುಟ್ಟಿತ್ತು. ಒಯ್ದು ತರಬಹುದೆಂಬುದೇ ಅದರ ಹೆಚ್ಚುಗಾರಿಕೆ ಎಂದು ನಾನು ಬೀಗುತ್ತಿದ್ದೆನಲ್ಲ, ಕೆಡುಕು ಹುಟ್ಟಿದ್ದು ಆ ಒಯ್ದು ತರುವುದರಲ್ಲಿಯೇ. ಎರಡು ಪಿನ್ನಿನ ಪ್ಲಗ್ಗನ್ನು ಹೇಗೆ ಬೇಕಾದರೂ ಚುಚ್ಚಬಹುದು: ಒಂದು ವಾರ ಆ ತಂತಿ ನ್ಯೂಟ್ರಲ್ ಆಗುತ್ತಿತ್ತು, ಇನ್ನೊಂದು ವಾರ ಫೇಸ್. ಮಕ್ಕಳ ಪಾಲಿಗೆ ಅದೃಷ್ಟದಾಟ. ನಾನು ಬಳಿದಿದ್ದ ಬಣ್ಣವೇ ಅವರನ್ನು ತಕ್ಕಮಟ್ಟಿಗೆ ಕಾಯ್ದಿತ್ತು. ಸ್ಕ್ರೂ ತಲೆ ಸೋಕಿದಾಗ ಮಾತ್ರ ಜುಮ್ ಎನ್ನುತ್ತಿತ್ತು. ಹನ್ನೆರಡು ವೋಲ್ಟಿಗೆ ಅಭ್ರಕ ಇಟ್ಟವನು ಇನ್ನೂರ ಮೂವತ್ತಕ್ಕೆ ಬಾಗಿಲು ತೆರೆದಿಟ್ಟಿದ್ದೆ.

ಪಕ್ಕದ ಊರಿನ ವೈರಿಂಗ್ ಕೆಲಸದವರೊಬ್ಬರಿಗೆ ಡಬ್ಬಿಯನ್ನು ತೋರಿಸಿದೆ. ಅವರು ಅದನ್ನು ತಿರುವಿ ನೋಡಿ, ನನ್ನ ಮುಖ ನೋಡದೆ, "ನೆಲ ಒರೆಸಿದ ದಿನ ಆಗಿದ್ರೆ ಜುಮ್ ಅಂತ ಹೇಳೋಕೆ ಹುಡುಗ ಇರ್ತಿರಲಿಲ್ಲ ಫಾದರ್" ಎಂದರು. ಮನೆಗಳಲ್ಲಿ ಹಾಕುವ ಸೋರಿಕೆ ತಡೆಯುವ ಸ್ವಿಚ್ಚು 30 ಮಿಲಿ ಆಂಪಿಯರಿಗೇ ವಿದ್ಯುತ್ತನ್ನು ಕಡಿದುಹಾಕುತ್ತದೆ. ಆಂಪಿಯರಿನ ನೂರರಲ್ಲಿ ಮೂರು ಪಾಲು. ನನ್ನ ರೈಲಿನ ಎಂಜಿನ್ನಿಗೆ ಅಷ್ಟು ಸಾಕಾಗುವುದಿಲ್ಲ, ಮಗುವಿನ ಹೃದಯಕ್ಕೆ ಅದು ಹೆಚ್ಚು.

ಪ್ರಿಯ ಓದುಗರೇ, ತಂತಿಯ ತಪ್ಪನ್ನು ನಾನು ಅಂದೇ ಕಂಡುಕೊಂಡೆ. ನನ್ನನ್ನು ಹಲವು ರಾತ್ರಿ ಎಚ್ಚರವಾಗಿರಿಸಿದ್ದು ಇನ್ನೊಂದು. ಆ ಮಕ್ಕಳು ವಾರಗಟ್ಟಲೆ ಏಕೆ ನನಗೆ ಹೇಳಲಿಲ್ಲ? ಕೇಳಿದಾಗ ಹುಡುಗ, "ಹೇಳಿದ್ರೆ ನೀವು ರೈಲು ಎತ್ತಿಟ್ಟುಬಿಡ್ತೀರಿ ಅಂತ" ಎಂದ. ಇನ್ನೊಬ್ಬನ ಉತ್ತರ ಇನ್ನೂ ಕಷ್ಟದ್ದು: "ಅದು ಹಂಗೇ ಇರ್ತದೆ ಅಂದ್ಕೊಂಡಿದ್ವಿ." ಫಾದರ್ ಮಾಡಿದ ವಸ್ತುವಿನಲ್ಲಿ ತಪ್ಪಿರಬಹುದೆಂದು ಅವರಿಗೆ ತೋಚಿಯೇ ಇರಲಿಲ್ಲ. ನೋವಾದರೆ ಅದು ವಸ್ತುವಿನ ಸ್ವಭಾವ. ಮಣೆ ಹುಡುಕಿಕೊಳ್ಳುವುದು ತಮ್ಮ ಕೆಲಸ. ಪಾಪನಿವೇದನೆಯ ಪೀಠದಲ್ಲಿ ವರ್ಷಗಟ್ಟಲೆ ಕುಳಿತು, ಜನ ನನ್ನಲ್ಲಿ ಎಲ್ಲವನ್ನೂ ಹೇಳಿಕೊಳ್ಳುತ್ತಾರೆಂದು ನಂಬಿದ್ದೆ. ನನ್ನಿಂದಲೇ ಆದ ನೋವನ್ನು ನನಗೆ ಹೇಳಲಾಗದೆ ಎಷ್ಟು ಜನ ಎಷ್ಟು ಮಣೆಗಳ ಮೇಲೆ ನಿಂತಿದ್ದಾರೋ? ಚಿಕ್ಕವರಿಗೆ ಎಡವುಗಲ್ಲಾಗುವವನ ಕುರಿತು ಪ್ರಭು ಹೇಳಿದ ಬೀಸುವ ಕಲ್ಲಿನ ಮಾತನ್ನು ನಾನು ಅನೇಕ ಬಾರಿ ಬೋಧಿಸಿದ್ದೆ. ಬೋಧಿಸುವಾಗಲೆಲ್ಲ ಬೇರೆ ಯಾರನ್ನೋ ನೆನೆಯುತ್ತಿದ್ದೆ.

ಮುಂದಿನ ಭಾನುವಾರ ಪ್ರಬೋಧನೆಯ ಬದಲಿಗೆ ನಡೆದದ್ದನ್ನು ನಡೆದಂತೆಯೇ ತಾಯಿತಂದೆಯರ ಮುಂದೆ ಹೇಳಿದೆ. ಕೆಲವರು ಮಕ್ಕಳನ್ನು ಹತ್ತಿರಕ್ಕೆ ಎಳೆದುಕೊಂಡರು. ಒಬ್ಬ ತಂದೆ ಎದ್ದು ಹೊರಗೆ ಹೋದರು. ಅವರು ಹಾಗೆ ಮಾಡಿದ್ದು ಸರಿ ಎಂದೇ ಇಂದಿಗೂ ನನ್ನ ಅನಿಸಿಕೆ. ಒಬ್ಬ ಅಜ್ಜಿ ಮಾತ್ರ, "ನಿಮಗಷ್ಟೇ ಅಲ್ಲ ಫಾದರ್, ನಮಗೂ ಹೇಳ್ಲಿಲ್ಲ" ಎಂದರು. ಅದರಲ್ಲಿ ಸಮಾಧಾನವಿತ್ತೋ ಆರೋಪವಿತ್ತೋ ತಿಳಿಯದು.

ಎರಡನೆಯ ಪೆಟ್ಟಿಗೆ ಮಾಡುವಾಗ ಟ್ರಾನ್ಸ್‌ಫಾರ್ಮರನ್ನೇ ತೆಗೆದುಹಾಕಿದೆ. ಯು.ಪಿ.ಎಸ್.ಗೆ ಹಾಕುವ 12 ವೋಲ್ಟ್, 7 ಆಂಪಿಯರ್ ಅವರ್ ಬ್ಯಾಟರಿಯೊಂದನ್ನು ತಂದೆ. ಶಿಕಾರಿಪುರದ ಗುರುನಿವಾಸದಲ್ಲಿ ಮಾತ್ರ ಅದಕ್ಕೆ ಚಾರ್ಜು. ಸೊರಬಕ್ಕೆ ಹೋಗುವ ಪೆಟ್ಟಿಗೆಗೆ ಗೋಡೆಯ ಸಂಪರ್ಕವೇ ಇಲ್ಲ. ಬ್ಯಾಟರಿಯಲ್ಲಿಯೂ ಅಪಾಯವಿಲ್ಲವೆಂದಲ್ಲ, ತುದಿಗಳು ಒಂದಕ್ಕೊಂದು ತಾಗಿದರೆ ತಂತಿ ಕೆಂಪಾಗಿ ಕಾಯುತ್ತದೆ. ಅದಕ್ಕೆಂದು ಬ್ಯಾಟರಿಯ ತುದಿಯಲ್ಲಿಯೇ ಫ್ಯೂಸ್ ಹಾಕಿದೆ. ಗಂಧದ ಕೆತ್ತನೆಗೆ ಹೆಸರಾದ ಸೊರಬದ ಗುಡಿಗಾರ ಕುಲದ ಹಿರಿಯರೊಬ್ಬರು ಮರದ ಪೆಟ್ಟಿಗೆ ಮಾಡಿಕೊಟ್ಟರು. ಹೊರಗೆ ಒಂದು ಮೊಳೆಯ ತಲೆಯೂ ಕಾಣಿಸಬಾರದೆಂದು ಕೇಳಿಕೊಂಡಿದ್ದೆ. ಅವರು ಕಾರಣ ಕೇಳಲಿಲ್ಲ, ಮೂಲೆಗಳನ್ನು ಕಚ್ಚಿನಿಂದಲೇ ಕೂಡಿಸಿದರು. ಕೂಲಿ ತೆಗೆದುಕೊಳ್ಳುವಾಗ, "ಬರೀ ಪೆಟ್ಟಿಗೆ ಬೇಸರ" ಎಂದು ಮುಚ್ಚಳದ ಮೇಲೊಂದು ಬಳ್ಳಿಯನ್ನು ಕೊರೆದುಕೊಟ್ಟರು.

ಒಂದು ನಷ್ಟವಾಯಿತು. ಎಲ್‌ಎಂ 317 ತನ್ನ ಪಾಲಿಗೆ ಎರಡು ವೋಲ್ಟಿನಷ್ಟು ಹಿಡಿದುಕೊಳ್ಳುತ್ತದೆ. ಬ್ಯಾಟರಿಯಿಂದ 12 ಬಂದರೆ ಹಳಿಗೆ ಸಿಗುವುದು ಹೆಚ್ಚೆಂದರೆ 10. ರೈಲು ಮೊದಲಿನ ಹಾಗೆ ಹಾರದು. ಒಂದು ಕಾಲದಲ್ಲಿ ಶಿವಮೊಗ್ಗ, ತಾಳಗುಪ್ಪ ನಡುವೆ ಓಡುತ್ತಿದ್ದ ರೈಲ್ ಬಸ್ಸಿನ ಹಾಗೆ ಒಲ್ಲದ ಮನಸ್ಸಿನಿಂದ ಹೋಗುತ್ತದೆ.

ಪೆಟ್ಟಿಗೆಯನ್ನು ಮೊದಲ ಸಲ ಸೊರಬಕ್ಕೆ ಒಯ್ದ ದಿನ ಹಳಿ ಜೋಡಿಸಿ ಎಲ್ಲರಿಗೂ ಒಳಗಿನದನ್ನು ತೆರೆದು ತೋರಿಸಿದೆ. ಇಲ್ಲಿ ಗೋಡೆಯ ಕರೆಂಟಿಲ್ಲ, ಇದು ಮರ, ಇನ್ನು ಜುಮ್ ಎನ್ನುವುದಿಲ್ಲ ಎಂದೆ. ಮಕ್ಕಳು ತಲೆಯಾಡಿಸಿದರು. ಪಾಳಿ ಶುರುವಾಯಿತು. ಹುಡುಗ ಮೂಲೆಗೆ ಹೋಗಿ ಮಣೆಯನ್ನು ಎಳೆದುಕೊಂಡು ಬಂದ.

"ಬೇಡ ಮಗಾ" ಎಂದು ನಾನು ಚಪ್ಪಲಿ ಕಳಚಿ ಬರಿಗಾಲಲ್ಲಿ ನೆಲದ ಮೇಲೆ ನಿಂತು ಎರಡೂ ಕೈಗಳಿಂದ ಪೆಟ್ಟಿಗೆಯನ್ನು ಹಿಡಿದುಕೊಂಡೆ.

ಅವನು ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿದ. ಆಮೇಲೆ ಮಣೆಯನ್ನು ನೆಲಕ್ಕಿಟ್ಟು, ಅದರ ಮೇಲೆ ನಿಂತು, ಗುಂಡಿ ತಿರುಗಿಸಿದ. ರೈಲು ಹೊರಟಿತು.