ಉಕ್ಕಿನ ಹಕ್ಕಿಗಳ ಅಂಗಳದಲ್ಲಿ ಒಂದು ದಿನ

ಬೀದರ ನಗರದ ನಿವಾಸಿಗಳಾದ ನಮಗೆ ಜೆಟ್ ವಿಮಾನದ ಧ್ವನಿ ಹೊಸದೇನಲ್ಲ. ಬೆಳಗಿನ ಇಷ್ಟಲಿಂಗ ಪೂಜೆಗೆ ಕುಳಿತ ಹೊತ್ತಿನಲ್ಲಿಯೇ ವಾಯುಪಡೆಯ ತರಬೇತಿ ವಿಮಾನಗಳು ಮಾಳಿಗೆಯ ಮೇಲೆ ಹಾದುಹೋಗುವುದುಂಟು. ಆಗ ಕಿಟಕಿಯ ಗಾಜು ನಡುಗುತ್ತದೆ. ಪೂಜೆಯಲ್ಲಿರುವ ನಮ್ಮ ತಾಯಿಯವರ ಹುಬ್ಬು ಗಂಟಿಕ್ಕುತ್ತದೆ. ಮಕ್ಕಳು ಮಾತ್ರ ತಿನ್ನುತ್ತಿದ್ದ ರೊಟ್ಟಿಯನ್ನು ತಟ್ಟೆಯಲ್ಲಿಯೇ ಬಿಟ್ಟು ಅಂಗಳಕ್ಕೆ ಓಡುತ್ತಾರೆ. ನಿಜ ಹೇಳಬೇಕೆಂದರೆ ಅವರ ಹಿಂದೆ ನಾವೂ ಓಡುತ್ತೇವೆ.

ಈ ಚಟ ನಮಗೆ ಅಂಟಿದ್ದು ಬಹಳ ಹಿಂದೆ. 1996ರಲ್ಲಿ ವಾಯುಪಡೆಯ ‘ಸೂರ್ಯಕಿರಣ’ ತಂಡವು ನಮ್ಮ ಬೀದರದಲ್ಲಿಯೇ ರೂಪುಗೊಂಡಿತು. ಬೆಂಗಳೂರಿನಲ್ಲಿ ತಯಾರಾದ ಕಿರಣ್ ವಿಮಾನಗಳು ಒಂದರ ಮಗ್ಗುಲಲ್ಲಿ ಒಂದು ಸೇರಿಕೊಂಡು ಹಾರುವುದನ್ನು ಹೊಲದ ಬದುವಿನಲ್ಲಿ ನಿಂತು ನೋಡಿದ ದಿನಗಳು ಇಂದಿಗೂ ಕಣ್ಣಿಗೆ ಕಟ್ಟಿವೆ. ಅಂದಿನಿಂದ ವಿಮಾನದ ಚಿತ್ರಗಳನ್ನು ಕತ್ತರಿಸಿ ಅಂಟಿಸಿಟ್ಟ ಹಳೆಯ ವಹಿಗಳು ನಮ್ಮ ಕಪಾಟಿನಲ್ಲಿ ವಚನ ಸಂಪುಟಗಳ ಕೆಳಗಿನ ಸಾಲಿನಲ್ಲಿವೆ.

ಕಳೆದ ರಜೆಯಲ್ಲಿ ಬೆಂಗಳೂರಿನ ಬಂಧುಗಳ ಮನೆಯ ಗುರುಪ್ರವೇಶಕ್ಕೆ ಹೋಗುವ ಪ್ರಸಂಗ ಬಂದಿತು. ತಾಯಿಯವರು, ಮನೆಯವರು, ಇಬ್ಬರು ಮಕ್ಕಳೊಡನೆ ರಾತ್ರಿಯ ರೈಲು ಹತ್ತಿದೆವು. ಕಾರ್ಯ ಮುಗಿದ ಮರುದಿನ ಹಳೆಯ ವಿಮಾನ ನಿಲ್ದಾಣದ ರಸ್ತೆಯಲ್ಲಿರುವ ಎಚ್.ಎ.ಎಲ್. ವಿಮಾನ ಸಂಗ್ರಹಾಲಯವನ್ನು ನೋಡಿ ಬರುವುದೆಂದು ನಿಶ್ಚಯವಾಯಿತು. ಆಟೋ ಹೋಗುತ್ತಿರುವಾಗ ತಾಯಿಯವರು ರಸ್ತೆಯ ಫಲಕವೊಂದನ್ನು ನಿಧಾನವಾಗಿ ಓದಿದರು: ‘ಸುರಂಜನ್ ದಾಸ್ ರಸ್ತೆ’. “ಯಾರಪ್ಪಾ ಇವರು? ದಾಸರ ಪೈಕಿಯವರೇನು?” ಎಂದು ಕೇಳಿದರು. “ಅಲ್ಲಿ ಹೋದ ಮೇಲೆ ಹೇಳುತ್ತೇವೆ” ಎಂದೆವು.

ಬಾಗಿಲಲ್ಲಿಯೇ ಒಂದು ಪ್ರಶ್ನೆ

1940ರ ಡಿಸೆಂಬರಿನಲ್ಲಿ ಉದ್ಯಮಿ ವಾಲಚಂದ್ ಹೀರಾಚಂದರು ಮೈಸೂರು ಸಂಸ್ಥಾನದ ನೆರವಿನೊಡನೆ ಬೆಂಗಳೂರಿನಲ್ಲಿ ಸ್ಥಾಪಿಸಿದ ವಿಮಾನ ಕಾರ್ಖಾನೆಯೇ ಮುಂದೆ ಎಚ್.ಎ.ಎಲ್. ಎಂದು ಹೆಸರಾಯಿತು. ಆ ಸಂಸ್ಥೆ 2001ರಲ್ಲಿ ಈ ಸಂಗ್ರಹಾಲಯವನ್ನು ತೆರೆಯಿತು. ಒಳಗಿನ ಕೋಣೆಗಳಲ್ಲಿ ದಶಕದಿಂದ ದಶಕಕ್ಕೆ ಕಾರ್ಖಾನೆ ಬೆಳೆದು ಬಂದ ಬಗೆಯನ್ನು ತೋರಿಸುವ ಚಿತ್ರಗಳೂ ಎಂಜಿನ್ನುಗಳೂ ಇವೆ. ಹೊರಗೆ ಮರಗಳ ನಡುವೆ, ಮಳೆ ಬಿಸಿಲುಗಳಿಗೆ ಮೈಯೊಡ್ಡಿ, ವಿಮಾನಗಳೇ ನಿಂತಿವೆ.

ಮೊದಲ ವಿಮಾನದ ಎದುರು ಮಕ್ಕಳು ಕೇಕೆ ಹಾಕಿದರು. ತಾಯಿಯವರು ಕೋಲೂರಿ ನಿಂತು ಅದರ ಮೂತಿಯನ್ನು ನೋಡಿದರು. ಆಮೇಲೆ ನಮ್ಮನ್ನು ನೋಡಿದರು.

“ಜೀವ ತೆಗೆಯೋ ಯಂತ್ರ ನೋಡ್ಲಿಕ್ಕಂತ ಇಷ್ಟು ದೂರ ಬಂದೀವೇನಪ್ಪಾ?”

ಉತ್ತರ ಹೇಳುವುದು ಸುಲಭವಾಗಿರಲಿಲ್ಲ. ಇರುವೆಗೂ ನೋವಾಗದಂತೆ ಅಂಗಳ ಗುಡಿಸುವ ಜೀವ ಅವರದು. ಸಕಲ ಜೀವಿಗಳಲ್ಲಿ ದಯೆಯಿರಲೆಂದು ಬೋಧಿಸಿದ ಧರ್ಮದಲ್ಲಿ ಹುಟ್ಟಿದ ನಾವು ಈ ಯಂತ್ರಗಳನ್ನು ಕಂಡು ಹಿಗ್ಗುವುದು ತರವೇ? “ಕಲ್ಯಾಣದಿಂದ ಉಳವಿಗೆ ಹೋಗುವಾಗ ವಚನಗಳನ್ನು ಉಳಿಸಲು ಶರಣರೂ ಕತ್ತಿ ಹಿಡಿದರೆಂದು ನೀವೇ ಹೇಳಿದ್ದಿರಲ್ಲ, ಅವ್ವಾ?” ಎಂದೆವು. ಅವರು ತಟ್ಟನೆ ಹೇಳಿದರು: “ಹಿಡಿದರು, ಖರೇ. ಆದರ ಆ ಕತ್ತಿ ತಂದು ಯಾರೂ ಪೂಜಾ ಮಾಡ್ಲಿಲ್ಲ.”

ಆ ಮಾತನ್ನು ಕಟ್ಟಿಕೊಂಡೇ ನಾವು ಮುಂದಿನ ವಿಮಾನದತ್ತ ನಡೆದೆವು.

ಪುಟ್ಟ ಅಜೀತ್, ದೊಡ್ಡ ಕ್ಯಾನ್‌ಬೆರಾ

ಅಜೀತ್ ವಿಮಾನವನ್ನು ಹತ್ತಿರದಿಂದ ನೋಡಿದವರು ಅದರ ಪುಟ್ಟ ಗಾತ್ರಕ್ಕೆ ಬೆರಗಾಗುತ್ತಾರೆ. ಇದು ಇಂಗ್ಲೆಂಡಿನ ನ್ಯಾಟ್ ವಿಮಾನದ ಸುಧಾರಿತ ರೂಪ. ನ್ಯಾಟಿನ ಒಂದು ರೆಕ್ಕೆಯ ತುದಿಯಿಂದ ಇನ್ನೊಂದರ ತುದಿಗೆ ಏಳು ಮೀಟರೂ ಇಲ್ಲ. ಬೆಂಗಳೂರಿನ ಕಾರ್ಖಾನೆ ಅದನ್ನು ನೂರಾರು ಸಂಖ್ಯೆಯಲ್ಲಿ ಸಿದ್ಧಪಡಿಸಿತು. ಬಳಿಕ ರೆಕ್ಕೆಯೊಳಗೇ ಇಂಧನ ತುಂಬುವ ವ್ಯವಸ್ಥೆ ಮಾಡಿ ಅಜೀತ್ ಎಂದು ಹೆಸರಿಟ್ಟಿತು. 1965ರ ಯುದ್ಧದಲ್ಲಿ ತನಗಿಂತ ದೊಡ್ಡದಾದ ಸೇಬರ್ ವಿಮಾನಗಳನ್ನು ಎದುರಿಸಿದ ನ್ಯಾಟಿಗೆ ‘ಸೇಬರ್ ಸಂಹಾರಿ’ ಎಂಬ ಬಿರುದು ಬಂದಿತು. 1971ರ ಡಿಸೆಂಬರ್ 14ರಂದು ಶ್ರೀನಗರದ ನಿಲ್ದಾಣದ ಮೇಲೆ ಬಾಂಬುಗಳು ಬೀಳುತ್ತಿರುವಾಗಲೇ ನಿರ್ಮಲ್‌ಜಿತ್ ಸಿಂಗ್ ಸೇಖೋನ್ ಅವರು ನ್ಯಾಟನ್ನು ಮೇಲೇರಿಸಿ, ಆರು ಸೇಬರ್‌ಗಳೊಡನೆ ಸೆಣಸಿ ಪ್ರಾಣವಿತ್ತರು. ವಾಯುಪಡೆಯಲ್ಲಿ ಪರಮವೀರ ಚಕ್ರ ಪಡೆದವರು ಅವರೊಬ್ಬರೇ.

ಅನತಿ ದೂರದಲ್ಲಿ ಕ್ಯಾನ್‌ಬೆರಾ ಬಾಂಬರ್ ವಿಮಾನವಿದೆ. ಅಗಲವಾದ ರೆಕ್ಕೆಗಳ, ದುಂಡು ಮೈಯ ಈ ವಿಮಾನ 1957ರಿಂದ 2007ರವರೆಗೆ, ಸರಿಯಾಗಿ 50 ವರ್ಷ, ನಮ್ಮ ವಾಯುಪಡೆಯಲ್ಲಿ ದುಡಿಯಿತು. ಪುಟ್ಟ ನ್ಯಾಟನ್ನೂ ಈ ದೊಡ್ಡ ಕ್ಯಾನ್‌ಬೆರಾವನ್ನೂ ರೂಪಿಸಿದವರು ಒಬ್ಬರೇ: ಇಂಗ್ಲೆಂಡಿನ ಡಬ್ಲ್ಯೂ. ಇ. ಡಬ್ಲ್ಯೂ. ಪೆಟರ್. ಜಗತ್ತಿನ ಶ್ರೇಷ್ಠ ವಿಮಾನ ವಿನ್ಯಾಸಕರಲ್ಲಿ ಒಬ್ಬರಾದ ಅವರು, ತಮ್ಮ ಸಂಸ್ಥೆ ಇನ್ನೊಂದು ಸಂಸ್ಥೆಯ ಕೈಸೇರಿದಾಗ ವಿಮಾನಗಳ ಲೋಕವನ್ನೇ ತೊರೆದು ಸ್ವಿಟ್ಜರ್ಲೆಂಡಿನಲ್ಲಿ ಒಂದು ಧಾರ್ಮಿಕ ಸಮುದಾಯವನ್ನು ಸೇರಿಕೊಂಡರು. ಈ ಸಂಗತಿಯನ್ನು ತಾಯಿಯವರಿಗೆ ತಿಳಿಸಿದಾಗ ಅವರು ಕ್ಯಾನ್‌ಬೆರಾದ ನೆರಳಿನ ಕಟ್ಟೆಯ ಮೇಲೆ ಕುಳಿತು, “ಅವರ ಮನಸ್ಸಿನ್ಯಾಗೂ ಇದೇ ಪ್ರಶ್ನೆ ಇದ್ದಿರಬೇಕು” ಎಂದರು.

ಉಸಿರು ಸಾಲದ ಮಾರುತ್

ನಾವು ಮುಖ್ಯವಾಗಿ ನೋಡಬಂದದ್ದು ಮಾರುತ್ ವಿಮಾನವನ್ನು. ಎಚ್.ಎಫ್.-24 ಎಂಬುದು ಅದರ ಕಾರ್ಖಾನೆಯ ಹೆಸರು. ಭಾರತದಲ್ಲಿ ರೂಪುಗೊಂಡು ತಯಾರಾದ ಮೊದಲ ಯುದ್ಧ ಜೆಟ್ ಇದು. ಚೂಪಾದ ಮೂತಿ, ಹಿಂದಕ್ಕೆ ಬಾಗಿದ ರೆಕ್ಕೆ, ನೀಳವಾದ ಮೈ. ನಿಂತಲ್ಲೇ ಓಡುತ್ತಿರುವಂತೆ ತೋರುತ್ತದೆ.

ಇದರ ವಿನ್ಯಾಸಕರು ಜರ್ಮನಿಯ ಕರ್ಟ್ ಟ್ಯಾಂಕ್. 1956ರಲ್ಲಿ ತಮ್ಮ ಸಂಗಡಿಗರೊಡನೆ ಬೆಂಗಳೂರಿಗೆ ಬಂದ ಅವರು ನಮ್ಮ ಎಂಜಿನಿಯರರ ಜೊತೆ ಕೆಲಸಕ್ಕೆ ತೊಡಗಿದರು. ಮೊದಲು ಪೂರ್ಣ ಅಳತೆಯ ಮರದ ವಿಮಾನವನ್ನು ಮಾಡಿ, ಎಂಜಿನ್ ಇಲ್ಲದೆಯೇ ಗಾಳಿಯಲ್ಲಿ ತೇಲಿಸಿ ಪರೀಕ್ಷಿಸಿದರು. 1961ರ ಜೂನ್ 17ರಂದು ಸುರಂಜನ್ ದಾಸ್ ಎಂಬ ಪರೀಕ್ಷಾ ಪೈಲಟ್ ನಿಜವಾದ ಮಾರುತನ್ನು ಬೆಂಗಳೂರಿನ ಆಕಾಶಕ್ಕೆ ಏರಿಸಿದರು.

ಧ್ವನಿಯ ಎರಡು ಪಟ್ಟು ವೇಗ ಮುಟ್ಟಬೇಕೆಂಬುದು ಗುರಿಯಾಗಿತ್ತು. ಮೈಯೂ ಅದಕ್ಕೆ ತಕ್ಕಂತಿತ್ತು. ಕೊರತೆಯಾದದ್ದು ಎಂಜಿನ್. ಜೆಟ್ ಎಂಜಿನ್ ಕಮ್ಮಾರನ ಕುಲುಮೆಯಂತೆಯೇ ಕೆಲಸ ಮಾಡುತ್ತದೆ: ಮುಂದಿನಿಂದ ಗಾಳಿಯನ್ನು ಎಳೆದು ಅದುಮುತ್ತದೆ, ಅದರಲ್ಲಿ ಇಂಧನವನ್ನು ಉರಿಸುತ್ತದೆ, ಉರಿದ ಗಾಳಿ ಹಿಂದಕ್ಕೆ ನುಗ್ಗಿದಾಗ ವಿಮಾನ ಮುಂದಕ್ಕೆ ಚಿಮ್ಮುತ್ತದೆ. ಹಿಂದಿನ ಕೊಳವೆಯಲ್ಲಿ ಮತ್ತೊಮ್ಮೆ ಇಂಧನ ಸುರಿದು ಉರಿಸಿದರೆ ಇನ್ನಷ್ಟು ಬಲ ಬರುತ್ತದೆ. ಅಂತಹ ಬಲಶಾಲಿ ಎಂಜಿನ್ ಇಂಗ್ಲೆಂಡಿನಲ್ಲಿ ಸಿದ್ಧವಾಗಬೇಕಿತ್ತು. ಅಲ್ಲಿಯವರು ಆ ಯೋಜನೆಯನ್ನು ಕೈಬಿಟ್ಟರು; ಅದರ ಖರ್ಚನ್ನು ಹೊರಲು ನಮ್ಮ ಸರ್ಕಾರವೂ ಮುಂದಾಗಲಿಲ್ಲ. ಕಡೆಗೆ ಪುಟ್ಟ ನ್ಯಾಟಿಗೆ ಹಾಕುತ್ತಿದ್ದ ಆರ್ಫಿಯಸ್ ಎಂಜಿನ್ನುಗಳನ್ನೇ ಎರಡೆರಡು ಜೋಡಿಸಿ ಹಾರಿಸಬೇಕಾಯಿತು. ವೇಗ ಧ್ವನಿಯ ಆಸುಪಾಸಿನಲ್ಲಿಯೇ ನಿಂತಿತು.

ಆದರೂ ಮಾರುತ್ ಸೋತಿತೆಂದು ಹೇಳಲಾಗದು. ಒಟ್ಟು 147 ವಿಮಾನಗಳು ತಯಾರಾದವು. 1971ರ ಯುದ್ಧದಲ್ಲಿ ರಾಜಸ್ಥಾನದ ಗಡಿಯಲ್ಲಿ ಅವು ಹಾರಿದವು. ಒಂದು ಎಂಜಿನ್ ಕೆಟ್ಟಾಗ ಇನ್ನೊಂದರ ಬಲದಿಂದಲೇ ಪೈಲಟನನ್ನು ಮನೆಗೆ ತಂದು ಮುಟ್ಟಿಸಿದವು. 1990ರಲ್ಲಿ ಅವುಗಳ ಸೇವೆ ಮುಗಿಯಿತು.

ಅಲ್ಲಿ ಮೊಮ್ಮಗನ ಕೈಹಿಡಿದು ನಿಂತಿದ್ದ ಹಿರಿಯರೊಬ್ಬರು ನಮ್ಮ ಮಾತು ಕೇಳಿ ಹತ್ತಿರ ಬಂದರು. ಯೌವನದಲ್ಲಿ ಇದೇ ವಿಮಾನಕ್ಕೆ ತಗಡಿನ ಕೆಲಸ ಮಾಡಿ ನಿವೃತ್ತರಾದವರಂತೆ. ಮಾರುತಿನ ಹೊಟ್ಟೆಯ ಮೇಲಿನ ರಿವೆಟ್ ಸಾಲನ್ನು ಬೆರಳಿನಿಂದ ತೋರಿಸಿ ಹೇಳಿದರು: “ನೋಡಿ ಸ್ವಾಮಿ, ಇದರ ತಲೆ ತಗಡಿನ ಮಟ್ಟಕ್ಕೇ ಕೂರಬೇಕು. ಉಗುರಿನಷ್ಟು ಎದ್ದರೂ ಗಾಳಿ ಹಿಡಿಯುತ್ತೆ. ಹೊರಗಡೆ ಒಬ್ಬ ಗನ್ನಿನಿಂದ ಹೊಡೀತಿದ್ದ, ಒಳಗಡೆ ಇನ್ನೊಬ್ಬ ಕಬ್ಬಿಣದ ಗಟ್ಟಿ ಒತ್ತಿ ಹಿಡಿದು ಮುದುರಿ ಕೂತಿರ್ತಿದ್ದ. ಒಬ್ಬರ ಮುಖ ಒಬ್ಬರಿಗೆ ಕಾಣ್ತಿರಲಿಲ್ಲ. ಸದ್ದಿನ ಮೇಲೇ ಗೊತ್ತಾಗಬೇಕು, ಸರಿಯಾಗಿ ಕೂತಿದೆಯೋ ಇಲ್ಲವೋ ಅಂತ.” “ಸರಿ ಕೂಡದಿದ್ದರ ಏನು ಮಾಡ್ತಿದ್ರಿ?” ಎಂದು ತಾಯಿಯವರು ಕೇಳಿದರು. “ತೆಗೆದು ಮತ್ತೆ ಹೊಡೀತಿದ್ವಿ ಅಮ್ಮಾ. ಒಳಗೆ ಕೂರೋನು ಯಾರದೋ ಮನೆ ಮಗ ಅಲ್ಲವೇ?”

ಆಗ ನಾವು ಸುರಂಜನ್ ದಾಸರ ಕಥೆಯನ್ನು ಪೂರ್ಣಗೊಳಿಸಿದೆವು. ಎಂಜಿನ್ನಿನ ಬಲವನ್ನು ಹೆಚ್ಚಿಸಲು ಪ್ರಯತ್ನಗಳು ನಡೆದೇ ಇದ್ದವು. ಹಾಗೆ ಮಾರ್ಪಡಿಸಿದ ಒಂದು ಮಾರುತ್ 1970ರ ಜನವರಿ 10ರಂದು ಬೆಂಗಳೂರಿನಲ್ಲಿ ಅಪಘಾತಕ್ಕೀಡಾಯಿತು. ಅದನ್ನು ಹಾರಿಸುತ್ತಿದ್ದ ದಾಸರು ತೀರಿಕೊಂಡರು. ಅಂದು ಯುದ್ಧವಿರಲಿಲ್ಲ, ವೈರಿಯಿರಲಿಲ್ಲ. ಮುಂದೆ ಹಾರುವವರಿಗೆ ಅಪಾಯವಾಗದಿರಲೆಂದು ಮೊದಲು ತಾವು ಹಾರಿ ನೋಡುವುದೇ ಅವರ ಕಾಯಕವಾಗಿತ್ತು. ಬೆಳಿಗ್ಗೆ ನಾವು ದಾಟಿ ಬಂದ ರಸ್ತೆಗೆ ಅವರದೇ ಹೆಸರು. ತಾಯಿಯವರು ಬಹಳ ಹೊತ್ತು ಮಾತನಾಡಲಿಲ್ಲ.

ತೇಜಸ್ಸಿನ ದಾರಿ

ಸಂಗ್ರಹಾಲಯದ ಮಿಗ್-21ರ ಎದುರು ಅಂದು ಜನ ಹೆಚ್ಚಾಗಿದ್ದರು. ರಷ್ಯದಿಂದ 1963ರಲ್ಲಿ ಬಂದು, ಧ್ವನಿಯ ವೇಗವನ್ನು ನಮ್ಮ ವಾಯುಪಡೆಗೆ ದಾಟಿಸಿಕೊಟ್ಟ ಆ ವಿಮಾನಕ್ಕೆ 2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ವಿದಾಯ ಹೇಳಲಾಯಿತು. ಅದರ ಕೊನೆಯ ದಶಕಗಳ ಅಪಘಾತಗಳಲ್ಲಿ ಎಷ್ಟೋ ತರುಣರು ಅಳಿದರೆಂಬುದನ್ನೂ ಮರೆಯಲಾಗದು.

ಮಿಗ್-21ರ ಸ್ಥಾನವನ್ನು ತುಂಬಲೆಂದು ರೂಪಿಸಿದ್ದು ತೇಜಸ್. ಮಾರುತಿನ ನಂತರ ಇಂತಹ ವಿಮಾನ ನಮ್ಮಲ್ಲಿ ಮತ್ತೆ ಹುಟ್ಟಲು 40 ವರ್ಷ ಬೇಕಾಯಿತು. 2001ರ ಜನವರಿ 4ರಂದು ರಾಜೀವ್ ಕೋಠಿಯಾಲ್ ಅವರು ಬೆಂಗಳೂರಿನಲ್ಲಿಯೇ ಅದನ್ನು ಮೊದಲ ಬಾರಿಗೆ ಹಾರಿಸಿದರು. 2016ರ ಜುಲೈ 1ರಂದು ಮೊದಲ ತೇಜಸ್ ಸ್ಕ್ವಾಡ್ರನ್ ಬೆಂಗಳೂರಿನಲ್ಲಿ ಆರಂಭಗೊಂಡಿತು. ತ್ರಿಕೋನಾಕಾರದ ರೆಕ್ಕೆಯ ಈ ಪುಟ್ಟ ವಿಮಾನದ ಬಹುಭಾಗ ಮೈ ಲೋಹದ್ದಲ್ಲ. ಇಂಗಾಲದ ಎಳೆಗಳನ್ನು ಪದರ ಪದರವಾಗಿ ಹಾಸಿ ಅಂಟಿನಿಂದ ಗಟ್ಟಿಗೊಳಿಸಿದ್ದು. ಚುರುಕಾಗಿ ತಿರುಗಲೆಂದು ಅದನ್ನು ಬೇಕೆಂದೇ ಸಮತೋಲವಿಲ್ಲದಂತೆ ರೂಪಿಸಿದ್ದಾರೆ; ಗಣಕಯಂತ್ರಗಳು ಕ್ಷಣಕ್ಷಣವೂ ಅದನ್ನು ತಿದ್ದಿ ನಿಲ್ಲಿಸುತ್ತವೆ.

ಎರಡು ವರ್ಷಕ್ಕೊಮ್ಮೆ ಯಲಹಂಕದಲ್ಲಿ ನಡೆಯುವ ವಿಮಾನ ಪ್ರದರ್ಶನದಲ್ಲಿ ತೇಜಸ್ ನೆಟ್ಟಗೆ ಮೇಲೇರುವುದನ್ನು ಕಂಡವರು ಅದನ್ನು ಮರೆಯಲಾರರು. ಆದರೆ ಅದರ ಹೊಟ್ಟೆಯಲ್ಲಿರುವ ಎಂಜಿನ್ ಅಮೆರಿಕದ್ದು. ಬೆಂಗಳೂರಿನಲ್ಲಿಯೇ ಬಹುಕಾಲ ಶ್ರಮಿಸಿ ಸಿದ್ಧಪಡಿಸಿದ ‘ಕಾವೇರಿ’ ಎಂಜಿನ್ ಬೇಕಾದಷ್ಟು ಬಲವನ್ನು ಕೊಡದೆ, 2008ರಲ್ಲಿ ತೇಜಸ್ ಯೋಜನೆಯಿಂದ ಬೇರೆಯಾಯಿತು. ಮಾರುತಿನ ಕೊರತೆ ತೇಜಸ್ಸಿನಲ್ಲಿಯೂ ಉಳಿದಿದೆ. ಸಾವಿರ ಡಿಗ್ರಿಗೂ ಮೀರಿದ ಉರಿಯಲ್ಲಿ ಕರಗದೆ ತಿರುಗುವ ಅಲಗನ್ನು ಮಾಡುವ ವಿದ್ಯೆಯನ್ನು ಬಲ್ಲ ದೇಶಗಳು ಕೆಲವೇ. ಅವು ಅದನ್ನು ಸುಲಭವಾಗಿ ಕಲಿಸುವುದಿಲ್ಲ. ನಮ್ಮ ಮಕ್ಕಳೇ ಕಲಿಯಬೇಕಾದ ವಿದ್ಯೆ ಅದು.

ಮರಳಿ ಬೀದರಕ್ಕೆ

ಹಿಂದಿರುಗುವ ರೈಲಿನಲ್ಲಿ ಹಿರಿಯ ಮಗ ತಾನು ವಾಯುಪಡೆಗೆ ಸೇರುವೆನೆಂದು ಬಾಯಿಬಿಟ್ಟು ಹೇಳಿದ. ಮನೆಯವರ ಮುಖ ಬಾಡಿತು. ನಾವೂ ಥಟ್ಟನೆ ಹೂಂ ಎನ್ನಲಿಲ್ಲ. ಬೇರೆಯವರ ಮಕ್ಕಳು ಹಾರುವುದನ್ನು ಇಷ್ಟು ವರ್ಷ ಚಪ್ಪಾಳೆ ತಟ್ಟಿ ನೋಡಿದವರು ನಾವು. ಸ್ವಂತ ಮಗನ ಮಾತು ಬಂದಾಗ ಕೈ ಮೇಲೇಳಲಿಲ್ಲ. ನಮ್ಮ ಮೆಚ್ಚುಗೆ ಎಷ್ಟು ಅಗ್ಗದ್ದಾಗಿತ್ತೆಂಬುದು ಆ ರಾತ್ರಿ ತಿಳಿಯಿತು. ತಾಯಿಯವರು ಮಾತ್ರ, “ಮೊದಲು ಓದು. ಆ ರಿವೆಟ್ ಹೊಡಿಯೋ ಮುದುಕನಂಗ ಕೆಲಸ ಕಲಿ. ಆಮ್ಯಾಲ ನೋಡೋಣು” ಎಂದರು.

ಬೀದರದಲ್ಲಿ ಈಗ ಹಾಕ್ ತರಬೇತಿ ವಿಮಾನಗಳಿವೆ. ಸೂರ್ಯಕಿರಣ ತಂಡವೂ ಈಗ ಹಾಕ್ ವಿಮಾನಗಳಲ್ಲಿಯೇ ಹಾರುತ್ತದೆ. ಬೆಂಗಳೂರಿನ ಕಾರ್ಖಾನೆಯಲ್ಲಿ ಜೋಡಿಸಿದ ಈ ವಿಮಾನಗಳಲ್ಲಿ ಇಪ್ಪತ್ತು ದಾಟಿದ ತರುಣರು ಯುದ್ಧವಿಮಾನದ ವಿದ್ಯೆಯನ್ನು ಕಲಿಯುತ್ತಾರೆ. ಮೊನ್ನೆ ಬೆಳಿಗ್ಗೆ ಎಂದಿನಂತೆ ಸದ್ದು ಬಂದಿತು, ಗಾಜು ನಡುಗಿತು, ಮಕ್ಕಳು ಓಡಿದರು. ಪೂಜೆ ಮುಗಿಸಿ ವಿಭೂತಿಯ ಕೈಯಲ್ಲಿಯೇ ತಾಯಿಯವರು ಹೊಸ್ತಿಲಿಗೆ ಬಂದು, “ಸುಖವಾಗಿ ಇಳಿದನೇನು ಹುಡುಗ?” ಎಂದು ಕೇಳಿದರು.

ಆ ಯಂತ್ರದ ಬಗೆಗೆ ಅವರ ಅಭಿಪ್ರಾಯ ಬದಲಾಗಿಲ್ಲ. ಬದಲಾಗಬೇಕೆಂದು ನಾವೂ ಬಯಸುವುದಿಲ್ಲ. ಕೊಲ್ಲಲೆಂದು ಮಾಡಿದ್ದನ್ನು ಪೂಜಿಸಬೇಕಾಗಿಲ್ಲ. ಆದರೆ ಅದನ್ನು ಕಟ್ಟಿದ ಕೈಗಳ ಕಾಯಕವನ್ನೂ, ಅದರೊಳಗೆ ಕುಳಿತವನ ಜೀವವನ್ನೂ ನೆನೆಯುವುದು ನಮ್ಮ ಕರ್ತವ್ಯ. ಬೆಂಗಳೂರಿಗೆ ಹೋಗುವ ಶರಣ ಬಂಧುಗಳು ಮಠ, ಮಂದಿರ, ಉದ್ಯಾನಗಳ ಜೊತೆಗೆ ಅರ್ಧ ದಿನವನ್ನು ಈ ಅಂಗಳಕ್ಕೂ ಮೀಸಲಿಡಲೆಂದು ಪ್ರಾರ್ಥಿಸುತ್ತೇವೆ. ಮಕ್ಕಳನ್ನು ಕರೆದೊಯ್ಯಿರಿ, ಮನೆಯ ಹಿರಿಯರನ್ನಂತೂ ತಪ್ಪದೆ ಕರೆದೊಯ್ಯಿರಿ.