ಎರಡು ಮೇಜುಗಳ ಪಾಠ

ನಾನು ನಿವೃತ್ತನಾದ ಮರುವರ್ಷ ಮಗಳ ಮನೆಗೆಂದು ಇಂಗ್ಲೆಂಡಿಗೂ, ಅಲ್ಲಿಂದ ಮಗನ ಮನೆಗೆಂದು ಅಮೆರಿಕದ ಮಿಶಿಗನ್‌ಗೂ ಪತ್ನಿಯೊಡನೆ ಹೋಗಿಬರುವ ಸಂದರ್ಭ ಒದಗಿತು. ಅಲ್ಲಿ ಕಂಡ ಊರುಗಳೂ ಸೇತುವೆಗಳೂ ಈಗ ನೆನಪಿನಲ್ಲಿ ಒಂದರೊಡನೊಂದು ಬೆರೆತುಹೋಗಿವೆ. ಬೇರೆಬೇರೆಯಾಗಿ ಉಳಿದಿರುವುದು ಎರಡು ಮನೆಗಳ ಬೆಳಗಿನ ಮೇಜುಗಳು ಮಾತ್ರ.

ಮಗಳ ಮನೆಯಲ್ಲಿ ಮೊದಲ ಶನಿವಾರ ಅಳಿಯನೇ ಒಲೆಯ ಮುಂದೆ ನಿಂತ. ಬೇಕನ್, ಸಾಸೇಜ್, ಮೊಟ್ಟೆ, ಹುರಿದ ಟೊಮ್ಯಾಟೊ, ಅಣಬೆ, ಟೊಮ್ಯಾಟೊ ಸಾರಿನಲ್ಲಿ ಬೆಂದ ಕಾಳು, ಸುಟ್ಟ ಬ್ರೆಡ್ಡು, ಕಿತ್ತಳೆಯ ಮಾರ್ಮಲೇಡು, ಹಾಲು ಬೆರೆಸಿದ ಚಹಾ. ತಟ್ಟೆಯೊಂದರಲ್ಲಿ ಹಬ್ಬದ ಊಟವೇ ಇತ್ತು. "ಮಾವ, ಇದು ಇಂಗ್ಲೆಂಡಿನದು. ಸ್ಕಾಟ್ಲೆಂಡಿಗೆ ಹೋದರೆ ಓಟ್ಸ್ ಗಂಜಿ ಸಿಗುತ್ತದೆ, ಉತ್ತರ ಐರ್ಲೆಂಡಿನಲ್ಲಿ ಆಲೂಗಡ್ಡೆಯ ರೊಟ್ಟಿ, ವೇಲ್ಸ್‌ನಲ್ಲಿ ಕಡಲಪಾಚಿಯ ಖಾದ್ಯ" ಎಂದು ಆತ ವಿವರಿಸಿದ. ನಮ್ಮ ಕಿಚಡಿಯೂ ಬ್ರಿಟಿಷರೊಡನೆ ಸಮುದ್ರ ದಾಟಿ, ಬೇಳೆಯನ್ನು ಕಳೆದುಕೊಂಡು, ಹೊಗೆಯಲ್ಲಿ ಒಣಗಿಸಿದ ಮೀನು ಮತ್ತು ಬೇಯಿಸಿದ ಮೊಟ್ಟೆಗಳ ಜೊತೆಗೂಡಿ, 'ಕೆಡ್ಜರಿ' ಎಂಬ ಹೆಸರಿನಲ್ಲಿ ಅವರ ಮುಂಜಾನೆಯ ಮೇಜನ್ನು ಸೇರಿತ್ತೆಂದು ತಿಳಿದಾಗ ನನಗೆ ಅಚ್ಚರಿಯಾಯಿತು.

ಮಗನ ಮನೆಯ ಶನಿವಾರದ ರುಚಿಯೇ ಬೇರೆ. ಒಂದರ ಮೇಲೊಂದು ಪೇರಿಸಿದ ಪ್ಯಾನ್‌ಕೇಕ್, ಅದರ ನೆತ್ತಿಯ ಮೇಲೆ ಕರಗುವ ಬೆಣ್ಣೆ, ಮೇಲಿಂದ ಸುರಿದ ಮೇಪಲ್ ಪಾಕ. ಒಂದು ಲೀಟರ್ ಪಾಕಕ್ಕೆ ಸುಮಾರು 40 ಲೀಟರ್ ಮರದ ರಸವನ್ನು ಕುದಿಸಬೇಕಂತೆ. ಬೇಕನ್ ಇಲ್ಲಿಯೂ ಇತ್ತು. ಆದರೆ ಬ್ರಿಟಿಷರದು ಹಂದಿಯ ಬೆನ್ನಿನ ಭಾಗದ ಮೆತ್ತನೆಯ ಮಾಂಸವಾದರೆ, ಅಮೆರಿಕದವರದು ಹೊಟ್ಟೆಯ ಭಾಗದ್ದು, ಗರಿಗರಿಯಾಗಿ ಹುರಿದದ್ದು. ಚಹಾದ ಜಾಗದಲ್ಲಿ ಕಾಫಿ. ಇಂಗ್ಲೆಂಡಿನಲ್ಲಿ ಚಹಾದೊಡನೆ ತಿನ್ನುವ ಗಟ್ಟಿ ಬಿಸ್ಕತ್ತಿನ ಹೆಸರನ್ನೇ ಅಮೆರಿಕದ ದಕ್ಷಿಣದವರು ಬಿಳಿ ಗ್ರೇವಿಯಲ್ಲಿ ಅದ್ದಿ ತಿನ್ನುವ ಮೆತ್ತನೆಯ ಬನ್ನಿಗೆ ಇಟ್ಟಿದ್ದಾರೆ. ಪ್ಯಾನ್‌ಕೇಕ್ ಇಂಗ್ಲೆಂಡಿನಲ್ಲಿಯೂ ಉಂಟು, ಆದರೆ ಅಲ್ಲಿ ಅದು ನಮ್ಮ ದೋಸೆಯಂತೆ ತೆಳು. ತಪಸ್ಸುಕಾಲದ ಉಪವಾಸಕ್ಕೆ ಮುನ್ನ ಮನೆಯಲ್ಲಿರುವ ಮೊಟ್ಟೆ, ಹಾಲು, ಬೆಣ್ಣೆಗಳನ್ನು ಮುಗಿಸಲೆಂದು ವಿಭೂತಿ ಬುಧವಾರದ ಹಿಂದಿನ ದಿನ ಅದನ್ನು ಹೊಯ್ದು, ನಿಂಬೆರಸ ಸಕ್ಕರೆ ಹಾಕಿ ತಿನ್ನುವ ಪದ್ಧತಿ ಇಂದಿಗೂ ಇದೆ.

ಎರಡು ದೇಶಗಳೂ ಪರಸ್ಪರ ಕೊಟ್ಟು ತೆಗೆದುಕೊಂಡಿವೆ. ಡಬ್ಬಿಯ ಕಾಳು ಇಂಗ್ಲಿಷರದೇ ಎಂದು ನಾನು ತಿಳಿದಿದ್ದೆ. ಆದರೆ 1886ರಲ್ಲಿ ತನ್ನ ಸರಕನ್ನು ಲಂಡನ್ನಿಗೆ ತಂದ ಅಮೆರಿಕದ ಹೈಂಜ್ ಕಂಪನಿಯೇ ಅದನ್ನು ಅಲ್ಲಿ ಮನೆಮಾತಾಗಿಸಿತು. ಕಾರ್ನ್‌ಫ್ಲೇಕ್ಸ್‌ನ ತವರೂ ಮಗನ ರಾಜ್ಯವಾದ ಮಿಶಿಗನ್ನೇ. ಬ್ಯಾಟಲ್ ಕ್ರೀಕ್ ಎಂಬ ಊರಿನ ಆರೋಗ್ಯಧಾಮದಲ್ಲಿ ಡಾಕ್ಟರ್ ಜಾನ್ ಹಾರ್ವೆ ಕೆಲಾಗ್ ಮತ್ತು ಅವರ ತಮ್ಮ ವಿಲ್ ಕೀತ್ ಕೆಲಾಗ್ 1894ರಲ್ಲಿ ರೋಗಿಗಳಿಗಾಗಿ ಮೊದಲು ಗೋಧಿಯ ಫ್ಲೇಕ್ಸ್ ತಯಾರಿಸಿದರು. 1906ರಲ್ಲಿ ತಮ್ಮ ಸ್ವಂತ ಕಂಪನಿ ಸ್ಥಾಪಿಸಿ ಜೋಳದ ಫ್ಲೇಕ್ಸ್ ಮಾರತೊಡಗಿದ. ಸಕ್ಕರೆ ಬೆರೆಸುವ ವಿಷಯದಲ್ಲಿ ಒಮ್ಮತವಿಲ್ಲದ ಅಣ್ಣತಮ್ಮಂದಿರು ಮುಂದೆ ಹೆಸರಿನ ಹಕ್ಕಿಗಾಗಿ ನ್ಯಾಯಾಲಯದ ಮೆಟ್ಟಿಲನ್ನೂ ಏರಿದರು. ಜಗತ್ತಿಗೆ ಉಪಾಹಾರ ನೀಡಿದವರು ತಾವೇ ಒಂದು ಮೇಜಿನಲ್ಲಿ ಕೂರಲಾರದೆ ಹೋದರಲ್ಲ ಎಂದು ಮನಸ್ಸಿಗೆ ಬೇಸರವಾಯಿತು.

ಆದರೆ ಅವರ ಬಗ್ಗೆ ಬೇಸರಪಡಲು ನನಗೇನು ಅರ್ಹತೆ? ಸೋಮವಾರ ಬಂದೊಡನೆ ಮಗಳ ಮನೆಯಲ್ಲಿಯೂ ಮಗನ ಮನೆಯಲ್ಲಿಯೂ ಶನಿವಾರದ ತಟ್ಟೆಗಳು ಮಾಯವಾಗುತ್ತಿದ್ದವು. ಒಬ್ಬರು ಒಂದು ಬಟ್ಟಲು ಫ್ಲೇಕ್ಸ್ ಮುಗಿಸಿ ಎದ್ದ ಮೇಲೆ ಇನ್ನೊಬ್ಬರು ಬರುವರು. ಮಗನಂತೂ ನಿಂತೇ ತಿಂದು, ಕಾಫಿಯನ್ನು ಕಾರಿಗೆ ಒಯ್ಯುತ್ತಿದ್ದ. ಒಂದು ದಿನ ತಡೆಯಲಾರದೆ ಹೇಳಿಯೇಬಿಟ್ಟೆ: "ಮಗನೇ, ಐದು ನಿಮಿಷ ಕುಳಿತು ತಿನ್ನಬಾರದೇ? ಮಗು ನಿನ್ನನ್ನೇ ನೋಡುತ್ತಾನೆ."

ಅವನು ಕೋಪಿಸಿಕೊಳ್ಳಲಿಲ್ಲ. "ಅಪ್ಪಾ, ನೀವು ಕುಳಿತು ತಿಂಡಿ ತಿಂದದ್ದು ನನಗೆ ನೆನಪೇ ಇಲ್ಲ" ಎಂದಷ್ಟೇ ನುಡಿದು ಕಾರಿನ ಕೀಲಿ ಎತ್ತಿಕೊಂಡ.

ಆ ಮಾತು ನಿಜ. ಆರೂವರೆಯ ಬಸ್ಸು ಹಿಡಿಯಬೇಕಾಗಿದ್ದ ನಾನು ವರ್ಷಗಟ್ಟಲೆ ಪತ್ನಿ ಕಾಗದದಲ್ಲಿ ಸುತ್ತಿಕೊಟ್ಟ ಅಕ್ಕಿರೊಟ್ಟಿಯನ್ನು ಬಸ್ಸಿನಲ್ಲೇ ತಿಂದವನು. ಮಕ್ಕಳು ಶಾಲೆಗೆ ಹೊರಡುವ ಅವಸರದಲ್ಲಿ ತಿಂದರು. ಎಲ್ಲರನ್ನೂ ಕಳುಹಿಸಿದ ಮೇಲೆ ಅವಳು ತಣ್ಣಗಾದುದನ್ನು ಒಬ್ಬಳೇ ತಿಂದಳು. ಭಾನುವಾರ ಪೂಜೆ ಮುಗಿಸಿ ಬಂದಾಗಲೂ ನನ್ನ ಮುಖಕ್ಕೆ ಪತ್ರಿಕೆ ಅಡ್ಡವಿರುತ್ತಿತ್ತು. ಮಗ ಅಮೆರಿಕದ ಪದ್ಧತಿಯನ್ನು ಕಲಿತಿರಲಿಲ್ಲ, ನನ್ನದನ್ನೇ ಉಳಿಸಿಕೊಂಡಿದ್ದ.

ಅಲ್ಲಿನವರು 'ಬ್ರೇಕ್‌ಫಾಸ್ಟ್' ಎನ್ನುವಾಗ ರಾತ್ರಿಯ ಉಪವಾಸವನ್ನು ಮುರಿಯುವುದು ಎಂದರ್ಥ. ಮುರಿಯಬೇಕಾದ ಉಪವಾಸ ಹೊಟ್ಟೆಯದು ಮಾತ್ರವಲ್ಲ, ಮಾತಿನದೂ ಹೌದೆಂದು ನನಗೆ ಹೊಳೆದದ್ದು ಅಂದು. ಮರುದಿನ ಬೇಗನೆ ಎದ್ದು ಎಲ್ಲರಿಗೂ ಬಟ್ಟಲು ಚಮಚಗಳನ್ನಿಟ್ಟು, ಏನೂ ಹೇಳದೆ ಕುಳಿತೆ. ಮೊಮ್ಮಗ ಬಂದು ಪಕ್ಕದಲ್ಲಿ ಕುಳಿತ. ಮಗ ಹೆಗಲ ಚೀಲವನ್ನು ಇಳಿಸದೆಯೇ ಕುರ್ಚಿಯ ತುದಿಯಲ್ಲಿ ಕುಳಿತ, ಮೂರು ನಿಮಿಷವಿರಬಹುದು. ಮರುವಾರ ಚೀಲ ನೆಲದ ಮೇಲಿತ್ತು.

ಈಗ ಊರಿನ ಮನೆಯಲ್ಲಿ ನಾವಿಬ್ಬರೇ. ಬಸ್ಸಿನ ಅವಸರವಿಲ್ಲ. ಅವಳು ಕೊನೆಯ ರೊಟ್ಟಿಯನ್ನು ಕಾವಲಿಯಿಂದ ಇಳಿಸಿ ಬಂದು ಕೂರುವವರೆಗೆ ನಾನು ನನ್ನ ತಟ್ಟೆಯನ್ನು ಮುಟ್ಟುವುದಿಲ್ಲ. "ಆರಿಹೋಗುತ್ತದೆ, ತಿನ್ನಿ" ಎಂದು ಅವಳು ಒಳಗಿನಿಂದ ಕೂಗುತ್ತಾಳೆ. ಆರಲಿ ಎಂದು ಕಾಯುತ್ತೇನೆ.