ಅಣ್ಣನ ಸರತಿ

12 ಡಿಸೆಂಬರ್ 2023, ಮಂಗಳವಾರ. ಸೇಡಂ

ಅಣ್ಣ ಹೋಗಿ ಇವತ್ತಿಗೆ ಐದು ದಿನ. ಬೆಳಿಗ್ಗೆ ರೊಟ್ಟಿ ಬಡಿಯುತ್ತ ಕೂತ ವೈನಿ ಲೆಕ್ಕ ಮರೆತು ಅವನ ಡಬ್ಬಿಗೂ ಎರಡು ಇಟ್ಟರು, ಜೊತೆಗೆ ಶೇಂಗಾ ಹಿಂಡಿ. ಯಾರೂ ಏನೂ ಅನ್ನಲಿಲ್ಲ. ಮಧ್ಯಾಹ್ನ ಅವ್ವ ಆ ಡಬ್ಬಿ ಬಿಚ್ಚಿ ತಾನೇ ಉಂಡಳು.

ಚಿಂಚೋಳಿಯಿಂದ ಬಂದ ಮಾವ, "ಬೆಂಗಳೂರಿಗಿ ಹೋಗಿದ್ರ ನಿಮ್ಮಣ್ಣ ಎಲ್ಲೋ ಇರ್ತಿದ್ದ ನೋಡು" ಅಂದ. ಎಲ್ಲೋ ಇರುತ್ತಿದ್ದ, ನಿಜ. ಸಂಜೆ ವಾಡಿ ಕಡೆಯ ಪ್ಯಾಸೆಂಜರ್ ಇಳಿದು, ಮಿರ್ಚಿ ಪೊಟ್ಟಣ ಹಿಡಿದು, ಮಗಳ ಗಣಿತಕ್ಕೆ ಕೂರುತ್ತಿರಲಿಲ್ಲ.

17 ಡಿಸೆಂಬರ್, ರವಿವಾರ

ಟ್ರಂಕಿನಲ್ಲಿ ಅವನ ನೋಟುಪುಸ್ತಕಗಳು ಸಿಕ್ಕವು. ಅವನು ತಾಲೂಕು ಕಚೇರಿಯಲ್ಲಿ 'ಭೂಮಿ' ಯೋಜನೆಯ ಕೆಲಸಕ್ಕೆ ಕೂತ ಕಾಲದವು. ರಾಜ್ಯದ 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದ ಕೆಲಸ ಅದು. ಪೇಪರಿನವರಿಗೆ ಅದು ಕೋಟಿಯ ಲೆಕ್ಕ, ಅಣ್ಣನಿಗೆ ಒತ್ತಕ್ಷರದ ಲೆಕ್ಕ. ಒಂದು ಒತ್ತು ಬಿದ್ದುಹೋದರೆ ಹೊಲ ಇನ್ನೊಬ್ಬನದಾಗ್ತದ ಅನ್ನುತ್ತಿದ್ದ. ಪುಟದ ಮೇಲೆ ಪುಟ ಬರೀ ಹೆಸರು: ಎಡಕ್ಕೆ ದಫ್ತರದಲ್ಲಿ ಇದ್ದದ್ದು, ಬಲಕ್ಕೆ ಊರಿನವರು ಕರೆಯುವುದು.

ಆಮೇಲೆ ಕೈಬರಹದ ಪಹಣಿ ನಡೆಯುವುದಿಲ್ಲ ಎಂದಾಯಿತು. ತಾಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಮುದ್ರಿತ ಪ್ರತಿ ಸಿಗುತ್ತಿತ್ತು. ಒಳಗೆ ಏನು ನಡೆದಿದೆ ಎಂದು ರೈತನಿಗೂ ಕಾಣಲು ಅವನ ಕಡೆ ಮುಖ ಮಾಡಿದ ಇನ್ನೊಂದು ಪರದೆ. ಬೆರಳಚ್ಚು ಒತ್ತದೆ ಸಿಬ್ಬಂದಿಗೂ ಯಂತ್ರ ತೆರೆಯದು. ಖಾತೆ ಬದಲಾವಣೆಯ ಅರ್ಜಿಗಳು ಬಂದ ಸರತಿಯಲ್ಲೇ ಮುಂದೆ ಹೋಗಬೇಕು, ಗೌಡನದಾದರೂ ಅಷ್ಟೇ. ಅಣ್ಣನಿಗೆ ಬಹಳ ಹಿಡಿಸಿದ್ದು ಇದು. ಸರತಿಯ ಹುಚ್ಚು ಮನೆಗೂ ಹತ್ತಿತು. ನಮ್ಮಲ್ಲಿ ಬಚ್ಚಲಿಗೂ ನಂಬರ್ ಇತ್ತು.

ನಮ್ಮ ಹೊಲದ ಪಹಣಿಯಲ್ಲೇ ಅಪ್ಪನ ಹೆಸರಿನ ಒಂದು ಒತ್ತು ಇರಲಿಲ್ಲ. ಹಳೆಯ ಪುಸ್ತಕದಲ್ಲೂ ಇರಲಿಲ್ಲ. "ನೀನೇ ಅಲ್ಲಿ ಕೂತೀ, ಒಂದು ಒತ್ತು ಹಾಕ್ಲಾಕ ಆಗಲ್ಲೇನೋ?" ಅಂತ ಅಪ್ಪ ರೇಗಿದರು.

"ಅರ್ಜಿ ಕೊಡ್ರಿ ಅಪ್ಪಾ."

ಅಪ್ಪ ಎರಡು ತಿಂಗಳು ಮಾತು ಬಿಟ್ಟರು. ಕೊನೆಗೆ ಅಣ್ಣ ರಜೆ ಹಾಕಿ, ಅವರನ್ನು ಕರೆದುಕೊಂಡು ತನ್ನದೇ ಕಚೇರಿಯ ಕಿಟಕಿ ಮುಂದೆ ಸಾಲಿನಲ್ಲಿ ನಿಂತ. ಆಗ ನನಗದು ಬಡಿವಾರ ಅನ್ನಿಸಿತ್ತು. ಈಗಲೂ ಸ್ವಲ್ಪ ಅನ್ನಿಸುತ್ತದೆ.

20 ಡಿಸೆಂಬರ್, ಬುಧವಾರ

ಚಿತ್ತಾಪುರದ ತಂಗಿ ಬಂದು ಹೋದಳು. ತೊಗರಿ ಒಣಗಿದೆ, ರಾಶಿಗೆ ಆಳು ಸಿಗುತ್ತಿಲ್ಲ. ಬೇರೇನೂ ಬರೆಯಲು ಮನಸ್ಸಿಲ್ಲ.

27 ಡಿಸೆಂಬರ್, ಬುಧವಾರ

ಪೌತಿ ಖಾತೆಗೆ ಅರ್ಜಿ ಕೊಡಲು ವೈನಿಯ ಜೊತೆ ಹೋದೆ. ಮರಣ ಪ್ರಮಾಣಪತ್ರ, ವಂಶವೃಕ್ಷ, ಆಧಾರ್ ಎಲ್ಲ ಒಂದು ಕೈಚೀಲದಲ್ಲಿ. ಮರಣಪತ್ರದಲ್ಲಿ ಅಣ್ಣನ ಹೆಸರಿನ ಒತ್ತುಗಳನ್ನು ವೈನಿ ಬಸ್ಸಿನಲ್ಲೇ ಎರಡು ಸಲ ನೋಡಿಕೊಂಡರು.

ಕಿಟಕಿಯೊಳಗಿನ ಹುಡುಗ ಅಣ್ಣನ ಕೈಕೆಳಗೆ ಕೆಲಸ ಕಲಿತವನು. ನಮ್ಮನ್ನು ಕಂಡು ಎದ್ದೇ ನಿಂತ. "ಒಳಗ ಬರ್ರಿ ಅಕ್ಕೋರ, ನೀವ್ಯಾಕ ಸಾಲಿನ್ಯಾಗ?"

ನಾನು ಒಂದು ಹೆಜ್ಜೆ ಮುಂದಿಟ್ಟಿದ್ದೆ. ವೈನಿ "ಬ್ಯಾಡಪ್ಪ" ಅಂದು ಶಹಾಬಾದ ಕಲ್ಲಿನ ನೆಲದ ಮೇಲೆ ಸೆರಗು ಹೊದ್ದು ಕೂತರು.

ನಮ್ಮ ಮುಂದೆ 17 ಮಂದಿ ಇದ್ದರು. ಸರತಿ ಬಂದಾಗ ಒಂದು ಗಂಟೆ ಹತ್ತು ನಿಮಿಷ.